ಓಪನ್ ಸೋರ್ಸೋ ಪ್ರೊಪ್ರೈಟರಿಯೋ: ಡೆವಲಪರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಹೊಸಬರ ಪ್ರಶ್ನೆಗಳು ಮೊದಲು, ಪ್ಲಾಟ್‌ಫಾರ್ಮ್ ಆರಿಸುವ ಹೊಣೆ ಹೊತ್ತವರ ಪ್ರಶ್ನೆಗಳು ಆಮೇಲೆ.

## ಮೊದಮೊದಲು ಕೇಳುವವು

ಓಪನ್ ಸೋರ್ಸ್ ಅಂದ್ರೆ ಪುಕ್ಕಟೆ ಸಾಫ್ಟ್‌ವೇರ್ ತಾನೇ?

ಅಲ್ಲ. ಒಂದು ಪೈಸೆಯೂ ಕೇಳದ ಪ್ರೊಪ್ರೈಟರಿ (ಹಕ್ಕುಗಳನ್ನೆಲ್ಲ ಒಡೆಯರೇ ಇಟ್ಟುಕೊಂಡ) ತಂತ್ರಾಂಶ ಬೇಕಾದಷ್ಟಿದೆ. ಓಪನ್ ಸೋರ್ಸ್ ಮೇಲೆ ನಿಂತು ದುಡಿಯುವ ದೊಡ್ಡ ಕಂಪನಿಗಳೂ ಇವೆ; ರೆಡ್ ಹ್ಯಾಟನ್ನು ಐಬಿಎಂ 2019ರಲ್ಲಿ 34 ಶತಕೋಟಿ ಡಾಲರ್ ಕೊಟ್ಟು ಕೊಂಡಿತು. ಇದು ಹಕ್ಕಿನ ವಿಷಯ: ಯಾವ ಕೆಲಸಕ್ಕಾದರೂ ಓಡಿಸುವ, ಮೂಲ ಕೋಡ್ ಓದುವ, ತಿದ್ದುವ, ತಿದ್ದಿದ್ದನ್ನು ಹಂಚುವ ಹಕ್ಕು. ಈ ಹಕ್ಕು ಎಲ್ಲರಿಗೂ ಸಮನಾಗಿ ಸಿಗಬೇಕು. "ಕಲಿಕೆಗೆ ಮಾತ್ರ", "ಕಂಪನಿಗಳು ಬಳಸುವಂತಿಲ್ಲ" ಎಂಬ ಷರತ್ತು ಒಂದೇ ಒಂದಿದ್ದರೂ, ಕೋಡ್ ಕಣ್ಣೆದುರು ತೆರೆದಿದ್ದರೂ ಅದು ಓಪನ್ ಸೋರ್ಸ್ ಅಲ್ಲ.

ಸ್ವತಂತ್ರ ತಂತ್ರಾಂಶ, ಓಪನ್ ಸೋರ್ಸ್ ಎರಡೂ ಒಂದೇನಾ?

ಲೈಸೆನ್ಸ್‌ಗಳ ಮಟ್ಟಿಗೆ ಹೆಚ್ಚುಕಡಿಮೆ ಒಂದೇ, ಹಿಂದಿರುವ ಮನಸ್ಸು ಬೇರೆ. 1983ರಲ್ಲಿ ಗ್ನೂ ಎಂಬ ಸ್ವತಂತ್ರ ಆಪರೇಟಿಂಗ್ ಸಿಸ್ಟಂ ಕಟ್ಟುವ ಯೋಜನೆಯನ್ನು ಸಾರಿದ ರಿಚರ್ಡ್ ಸ್ಟಾಲ್ಮನ್‌ಗೆ ಇದು ಬಳಕೆದಾರರ ಸ್ವಾತಂತ್ರ್ಯದ ಪ್ರಶ್ನೆ, ಸರಿ-ತಪ್ಪಿನ ಪ್ರಶ್ನೆ. "ಓಪನ್ ಸೋರ್ಸ್" ಎಂಬ ಹೆಸರನ್ನು ಕ್ರಿಸ್ಟೀನ್ ಪೀಟರ್ಸನ್ ಸೂಚಿಸಿದ್ದು 1998ರ ಫೆಬ್ರುವರಿಯಲ್ಲಿ, ನೆಟ್‌ಸ್ಕೇಪ್ ತನ್ನ ಬ್ರೌಸರ್ ಕೋಡ್ ಬಿಡುಗಡೆ ಮಾಡುವುದಾಗಿ ಹೇಳಿದ ಬೆನ್ನಿಗೇ. ಕೂಡಿ ಮಾಡಿದರೆ ತಂತ್ರಾಂಶ ಚೆನ್ನಾಗಿ ಬರುತ್ತದೆ ಎನ್ನುವ ಕೆಲಸದ ಮಾತು ಅದರ ಮುಂಚೂಣಿಯಲ್ಲಿತ್ತು. ಒಂದೇ ತಂಡದಲ್ಲಿ ಈ ಎರಡೂ ಮನಸ್ಸಿನವರು ಇರುತ್ತಾರೆ. ಯಾವ ಲೈಬ್ರರಿ ಹಾಕಿಕೊಳ್ಳೋಣ ಎಂಬಲ್ಲಿ ಇಬ್ಬರೂ ಒಪ್ಪಿ, ಯಾಕೆ ಎಂಬಲ್ಲಿ ಜಗಳವಾಡುವುದು ಇದೇ ಕಾರಣಕ್ಕೆ.

ಗಿಟ್‌ಹಬ್‌ನಲ್ಲಿ ಕೋಡ್ ಕಾಣ್ತಿದೆ, ಎತ್ಕೊಂಡು ಬಳಸಬಹುದಲ್ವಾ?

ಗಿಟ್‌ಹಬ್ ಕೋಡ್ ಇಟ್ಟು ಹಂಚುವ ತಾಣವಷ್ಟೇ. ಲೈಸೆನ್ಸ್ ಕಡತ ಇಲ್ಲದಿದ್ದರೆ ಬಳಸುವಂತಿಲ್ಲ. ಬರೆದವರು ಏನೂ ಹೇಳದಿದ್ದರೆ ಕೃತಿಸ್ವಾಮ್ಯ ಪೂರ್ತಿಯಾಗಿ ಅವರದೇ. ಓದಬಹುದು, ಅಲ್ಲೇ ಫೋರ್ಕ್ ಗುಂಡಿ ಒತ್ತಿ ನಿಮ್ಮ ಖಾತೆಗೆ ನಕಲು ಮಾಡಿಕೊಳ್ಳಬಹುದು, ನಿಮ್ಮ ಉತ್ಪನ್ನದೊಳಗೆ ಸೇರಿಸಲಾಗದು. ಲೈಸೆನ್ಸ್ ಹಾಕುವಂತೆ ಒಂದು ಇಶ್ಯೂ (ಅಲ್ಲಿನ ದೂರು-ಕೋರಿಕೆಯ ಚೀಟಿ) ಬರೆದು ಕೇಳಿ. ಎಷ್ಟೋ ಜನ ಮರೆತಿರುತ್ತಾರೆ, ಕೇಳಿದರೆ ಹಾಕುತ್ತಾರೆ.

ಲೈಸೆನ್ಸ್‌ಗಳು ರಾಶಿ ಇವೆ. ಯಾವುದು ಗೊತ್ತಿದ್ರೆ ಸಾಕು?

ದಿನದ ಕೆಲಸಕ್ಕೆ ನಾಲ್ಕು ಸಾಕು. ಎಂಐಟಿ: ಬರೆದವರ ಹೆಸರು ಮತ್ತು ಲೈಸೆನ್ಸ್ ಪಠ್ಯ ಉಳಿಸಿಕೊಂಡು ಏನು ಬೇಕಾದರೂ ಮಾಡಿ. ಅಪಾಚೆ 2.0 ಕೂಡ ಅಷ್ಟೇ ಉದಾರ, ಮೇಲಾಗಿ ಪೇಟೆಂಟ್ ಬಳಸಲು ಸ್ಪಷ್ಟ ಅನುಮತಿ ಕೊಡುತ್ತದೆ; ಕಂಪನಿಗಳು ಇದನ್ನು ಇಷ್ಟಪಡುವುದು ಆ ಒಂದು ಕಲಮಿಗಾಗಿ. ಜಿಪಿಎಲ್: ಇನ್ನೊಬ್ಬರಿಗೆ ಹಂಚಿದರೆ ಅದೇ ಲೈಸೆನ್ಸ್‌ನಲ್ಲಿ ಮೂಲ ಕೋಡನ್ನೂ ಕೊಡಬೇಕು. ನಿಮ್ಮ ಕಚೇರಿಯೊಳಗೆ ಮಾತ್ರ ಓಡಿಸಿದರೆ ಆ ಹೊಣೆ ಬರುವುದಿಲ್ಲ. ಎಜಿಪಿಎಲ್ ಈ ಹೊಣೆಯನ್ನು ನೆಟ್‌ವರ್ಕ್ ಮೂಲಕ ಕೊಡುವ ಸೇವೆಗೂ ಚಾಚುತ್ತದೆ. ಅದರ ಮಾತು ಕೆಳಗೆ ಬೇರೆಯಾಗಿದೆ.

## ಡೆವಲಪರ್‌ಗಳ ಮನಸ್ಸಿನ ಬಗ್ಗೆ

ಪ್ರೊಪ್ರೈಟರಿ ಪ್ಲಾಟ್‌ಫಾರ್ಮ್ ಅಂದ್ರೆ ಡೆವಲಪರ್‌ಗಳು ಯಾಕೆ ಉರಿದು ಬೀಳ್ತಾರೆ? ದುಡ್ಡು ಕೊಡೋಕೆ ಮನಸ್ಸಿಲ್ವಾ?

ದುಡ್ಡಿನ ಸಿಟ್ಟು ಬೇಗ ಆರುತ್ತದೆ. ಆರದೆ ಉಳಿಯುವುದು, ಆಟದ ನಡುವೆ ಇನ್ನೊಬ್ಬರು ನಿಯಮ ಬದಲಾಯಿಸಿದ ಸಿಟ್ಟು. ಮೂರು ಘಟನೆಗಳನ್ನು ನೋಡಿದರೆ ಇದು ತಿಳಿಯುತ್ತದೆ.

2002ರಿಂದ ಲಿನಕ್ಸ್ ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ತಂಡ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಬಿಟ್‌ಕೀಪರ್ ಎಂಬ ಪ್ರೊಪ್ರೈಟರಿ ಉಪಕರಣವನ್ನು ಉಚಿತ ಲೈಸೆನ್ಸ್‌ನಲ್ಲಿ ಬಳಸುತ್ತಿತ್ತು. ಅದಕ್ಕೆ ಪೈಪೋಟಿ ಕೊಡುವ ಉಪಕರಣದ ಮೇಲೆ ಕೆಲಸ ಮಾಡಬಾರದು ಎಂಬ ಷರತ್ತೂ ಅದರಲ್ಲಿತ್ತು. 2005ರಲ್ಲಿ ಆ ಉಚಿತ ಲೈಸೆನ್ಸ್ ಹಿಂದಕ್ಕೆ ಹೋಯಿತು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಏಪ್ರಿಲ್‌ನಲ್ಲಿ ಅದರ ಬದಲಿಗೆ ಗಿಟ್ ಬರೆಯಲು ಕುಳಿತರು. ಜೂನ್‌ನಲ್ಲಿ ಬಂದ ಕರ್ನೆಲ್ 2.6.12ರ ಹೊತ್ತಿಗೆ ಕೆಲಸವೆಲ್ಲ ಗಿಟ್‌ನಲ್ಲಿ ನಡೆಯುತ್ತಿತ್ತು. ಅಂಥ ತಂಡಕ್ಕೆ ಅದು ಸಾಧ್ಯವಾಯಿತು, ಎಲ್ಲರಿಗೂ ಆಗುವುದಿಲ್ಲ.

ಮೊಬೈಲ್ ಆ್ಯಪ್‌ಗಳಿಗೆ ಹಿಂಬದಿಯ ಸೇವೆ ಕೊಡುತ್ತಿದ್ದ ಪಾರ್ಸನ್ನು ಫೇಸ್‌ಬುಕ್ 2013ರಲ್ಲಿ ಕೊಂಡು, 2016ರ ಜನವರಿಯಲ್ಲಿ ಮುಚ್ಚುವುದಾಗಿ ಹೇಳಿತು. ಒಂದು ವರ್ಷದ ಗಡುವು ಕೊಟ್ಟರು, ಸರ್ವರ್ ಕೋಡನ್ನೂ ಓಪನ್ ಸೋರ್ಸ್ ಮಾಡಿದರು. ಮುಚ್ಚುವವರು ಹೀಗೆ ಮುಚ್ಚಿದರೆ ಅದು ದೊಡ್ಡ ಮಾತು. ಆದರೂ ಪೆಟ್ಟು ಬಿತ್ತು: ಜನರ ಫೋನಿನಲ್ಲಿದ್ದ ಹಳೆಯ ಆ್ಯಪ್‌ಗಳೊಳಗೆ ಪಾರ್ಸ್‌ನ ವಿಳಾಸವೇ ಕೂತಿತ್ತು. ಅಪ್‌ಡೇಟ್ ಮಾಡಿಕೊಳ್ಳದವರ ಆ್ಯಪ್ ಹೊಸ ಸರ್ವರ್‌ನ ದಾರಿಯನ್ನೇ ಅರಿಯದು.

ಮೂರನೆಯದು ಯೂನಿಟಿ. 2023ರ ಸೆಪ್ಟೆಂಬರ್ 12ರಂದು ಈ ಗೇಮ್ ಎಂಜಿನ್ ಕಂಪನಿ, ವರಮಾನವೂ ಇನ್‌ಸ್ಟಾಲ್‌ಗಳ ಎಣಿಕೆಯೂ ಒಂದು ಮಿತಿ ದಾಟಿದ ಮೇಲೆ ಪ್ರತಿ ಇನ್‌ಸ್ಟಾಲ್‌ಗೆ 20 ಸೆಂಟ್‌ವರೆಗೆ ಶುಲ್ಕ ಹಾಕುವುದಾಗಿ ಘೋಷಿಸಿತು. ಆಗಲೇ ಬಿಡುಗಡೆಯಾಗಿದ್ದ ಆಟಗಳನ್ನೂ ಅದು ಬಿಡುತ್ತಿರಲಿಲ್ಲ. ಒಂದು ವರ್ಷದ ನಂತರ ಶುಲ್ಕವನ್ನು ಕೈಬಿಟ್ಟರು. ಅಷ್ಟರಲ್ಲಿ ಎಷ್ಟೋ ತಂಡಗಳು ಎಂಐಟಿ ಲೈಸೆನ್ಸ್‌ನ ಗೋಡೋ ಎಂಬ ಗೇಮ್ ಎಂಜಿನ್ ಕಲಿಯಲು ಶುರುಮಾಡಿದ್ದವು. ಶುಲ್ಕ ಹೋಯಿತು, ಅಳುಕು ಉಳಿಯಿತು.

ಅಷ್ಟು ಅಪನಂಬಿಕೆ ಇದ್ರೆ ಅವರೇ ಯಾಕೆ ಪ್ರೊಪ್ರೈಟರಿ ಟೂಲ್ ಬಳಸ್ತಾರೆ?

ಕೈಯಲ್ಲಿ ಹಿಡಿಯುವ ಉಪಕರಣ ಬೇರೆ, ಮನೆಯ ಬುನಾದಿ ಬೇರೆ. ದುಡ್ಡು ಕೊಟ್ಟು ಕೊಂಡ ಕೋಡ್ ಎಡಿಟರ್ ನಾಳೆ ಕೈಕೊಟ್ಟರೂ ನಿಮ್ಮ ಕಡತಗಳು ಸಾದಾ ಪಠ್ಯವಾಗಿಯೇ ಡಿಸ್ಕ್‌ನಲ್ಲಿರುತ್ತವೆ. ಬೇರೆ ಎಡಿಟರ್‌ನಲ್ಲಿ ತೆರೆದು ಎರಡು ದಿನ ಗೊಣಗಿದರೆ ಬೆರಳು ಹೊಂದಿಕೊಳ್ಳುತ್ತದೆ. ಡೇಟಾಬೇಸ್, ಗೇಮ್ ಎಂಜಿನ್, ಲಾಗಿನ್ ಸೇವೆ ಹಾಗಲ್ಲ. ಅವು ಕೋಡಿನ ಸಾಲುಸಾಲಿಗೂ ಇಳಿದಿರುತ್ತವೆ, ಕಿತ್ತರೆ ಗೋಡೆಯೂ ಬರುತ್ತದೆ. ಅನುಭವಿಗಳು ಎಡಿಟರ್‌ಗೆ ಸಂತೋಷದಿಂದ ದುಡ್ಡು ಕೊಟ್ಟು ಡೇಟಾಬೇಸ್‌ಗೆ ಓಪನ್ ಸೋರ್ಸ್ ಆದ ಪೋಸ್ಟ್‌ಗ್ರೆಸ್ಸೇ ಬೇಕು ಎಂದು ಹಟ ಹಿಡಿಯುವುದರಲ್ಲಿ ವಿರೋಧಾಭಾಸವಿಲ್ಲ. ಬಿಟ್ಟು ಹೊರಡುವ ದಿನ ಎಷ್ಟು ಖರ್ಚಾಗುತ್ತದೆ ಎಂಬ ಒಂದೇ ಲೆಕ್ಕವನ್ನು ಎರಡೂ ಕಡೆ ಹಾಕಿರುತ್ತಾರೆ. ಓಪನ್ ಅಥವಾ ಕ್ಲೋಸ್ಡ್ ಎಂಬ ಹಣೆಪಟ್ಟಿಗಿಂತ ಈ ಲೆಕ್ಕವೇ ಮುಖ್ಯ ಎನ್ನುವುದು ನಮ್ಮ ಗಟ್ಟಿ ನಂಬಿಕೆ.

ಲಿನಕ್ಸನ್ನ ಕ್ಯಾನ್ಸರ್ ಅಂದಿದ್ದ ಮೈಕ್ರೋಸಾಫ್ಟ್ ಈಗ ಗಿಟ್‌ಹಬ್ ಒಡೆಯ. ನಂಬಬಹುದಾ?

ಆ ಮಾತನ್ನು ಕಂಪನಿಯ ಆಗಿನ ಮುಖ್ಯಸ್ಥ ಸ್ಟೀವ್ ಬಾಮರ್ ಆಡಿದ್ದು 2001ರಲ್ಲಿ. ಅವರ ಪ್ರೋಗ್ರಾಮಿಂಗ್ ವೇದಿಕೆ ಡಾಟ್‌ನೆಟ್ ಕೋರ್ ಓಪನ್ ಆದದ್ದು 2014ರಲ್ಲಿ, ಗಿಟ್‌ಹಬ್ ಖರೀದಿ 2018ರಲ್ಲಿ, 7.5 ಶತಕೋಟಿ ಡಾಲರ್‌ಗೆ. ಕಂಪನಿಯ ಮನಸ್ಸು ಬದಲಾಗಿದೆಯೇ ಎಂದು ಊಹಿಸುವುದಕ್ಕಿಂತ ಗೆರೆ ಎಲ್ಲಿ ಎಳೆದಿದ್ದಾರೆ ಎಂದು ನೋಡಿ. ಅವರ ಕೋಡ್ ಎಡಿಟರ್ ವಿಎಸ್ ಕೋಡ್ ಒಳ್ಳೆಯ ಉದಾಹರಣೆ. ಅದರ ಮೂಲ ಕೋಡ್ ಎಂಐಟಿ. ನೀವು ಡೌನ್‌ಲೋಡ್ ಮಾಡಿಕೊಳ್ಳುವ ಸಿದ್ಧ ಪ್ಯಾಕೇಜ್ ಮಾತ್ರ ಮೈಕ್ರೋಸಾಫ್ಟ್‌ನ ಪ್ರತ್ಯೇಕ ಲೈಸೆನ್ಸ್‌ನಲ್ಲಿದೆ. ಎಕ್ಸ್‌ಟೆನ್ಷನ್‌ಗಳ ಮಾರ್ಕೆಟ್‌ಪ್ಲೇಸ್ ಬಳಸಲು ಮೈಕ್ರೋಸಾಫ್ಟ್‌ನದೇ ಉತ್ಪನ್ನಗಳಿಗೆ ಮಾತ್ರ ಅನುಮತಿ. ಪೈಲಾನ್ಸ್, ರಿಮೋಟ್ ಎಸ್‌ಎಸ್‌ಎಚ್‌ನಂಥ ಜನಪ್ರಿಯ ಎಕ್ಸ್‌ಟೆನ್ಷನ್‌ಗಳು ಪ್ರೊಪ್ರೈಟರಿ. ಅದೇ ಎಂಐಟಿ ಕೋಡಿನಿಂದ ಕಟ್ಟಿದ ವಿಎಸ್‌ಕೋಡಿಯಂ ಹಾಕಿಕೊಂಡರೆ ಎಕ್ಸ್‌ಟೆನ್ಷನ್‌ಗಳು ಓಪನ್ ವಿಎಸ್‌ಎಕ್ಸ್ ಎಂಬ ಬೇರೆ ಭಂಡಾರದಿಂದ ಬರುತ್ತವೆ, ಕೆಲವು ಸಿಗುವುದಿಲ್ಲ. ನಿಮಗೆ ಬೇಕಾದವು ಅಲ್ಲಿ ಇವೆಯೇ ಎಂದು ಒಂದು ವಾರ ಬಳಸಿ ನೋಡಿ, ಎಷ್ಟು ಕಟ್ಟಿಬಿದ್ದಿದ್ದೀರಿ ಎಂಬುದು ಗೊತ್ತಾಗುತ್ತದೆ.

ಆಂಡ್ರಾಯ್ಡ್‌ನಲ್ಲೂ ಇದೇ ರಚನೆ: ಬುಡದ ಕೋಡ್ ತೆರೆದಿದೆ, ಗೂಗಲ್ ಪ್ಲೇ ಸರ್ವೀಸಸ್ ಮುಚ್ಚಿದೆ.

ಎಲ್ಲರೂ ಕೋಡ್ ನೋಡಬಹುದು ಅಂದ್ಮೇಲೆ ಓಪನ್ ಸೋರ್ಸೇ ಹೆಚ್ಚು ಸೇಫ್ ಅಲ್ವಾ?

ನೋಡಬಹುದು ಎಂದ ಮಾತ್ರಕ್ಕೆ ಯಾರೋ ನೋಡಿದ್ದಾರೆ ಎಂದಲ್ಲ. ಅಂತರ್ಜಾಲದ ಸಂಪರ್ಕಗಳನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ 1.0.1ರಲ್ಲಿ ಉದ್ದ ಪರೀಕ್ಷಿಸುವ ಒಂದು ಸಣ್ಣ ತಪಾಸಣೆ ಬಿಟ್ಟುಹೋಗಿತ್ತು. ಹಾರ್ಟ್‌ಬ್ಲೀಡ್ ಎಂದು ಅದು ಬಯಲಾದದ್ದು 2014ರ ಏಪ್ರಿಲ್‌ನಲ್ಲಿ, ಎರಡು ವರ್ಷದ ನಂತರ. ಒಂದೊಂದು ಕೋರಿಕೆಗೆ ಸರ್ವರ್‌ನ ನೆನಪಿನಿಂದ 64 ಕಿಲೋಬೈಟ್‌ವರೆಗೆ ಸೋರುತ್ತಿತ್ತು.

ಕಡತಗಳನ್ನು ಕುಗ್ಗಿಸುವ ಎಕ್ಸ್‌ಝೆಡ್ ಎಂಬ ಓಪನ್ ಸೋರ್ಸ್ ತಂತ್ರಾಂಶದ 2024ರ ಪ್ರಕರಣವನ್ನು ಹತ್ತಿರದಿಂದ ನೋಡಬೇಕು. ಪೋಸ್ಟ್‌ಗ್ರೆಸ್ ಡೆವಲಪರ್ ಆಂಡ್ರೆಸ್ ಫ್ರಾಯ್ಂಡ್ ತಮ್ಮ ಡೆಬಿಯನ್ ಲಿನಕ್ಸ್ ಯಂತ್ರದಲ್ಲಿ ಎಸ್‌ಎಸ್‌ಎಚ್ (ದೂರದಿಂದ ಯಂತ್ರದೊಳಗೆ ಹೋಗುವ) ಲಾಗಿನ್ ಅರ್ಧ ಸೆಕೆಂಡ್ ನಿಧಾನವಾದದ್ದನ್ನು ಗಮನಿಸಿದರು. ಜಾಡು ಹಿಡಿದು ಹೋದಾಗ, ಎಕ್ಸ್‌ಝೆಡ್ 5.6.0 ಮತ್ತು 5.6.1ರೊಳಗೆ ಯಾರೋ ಹಿಂಬಾಗಿಲು ಇಟ್ಟಿದ್ದು ಸಿಕ್ಕಿತು. ಇಟ್ಟ ವ್ಯಕ್ತಿ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್‌ಗಳನ್ನು ಕಳಿಸಿ, ಒಬ್ಬರೇ ದಣಿಯುತ್ತಿದ್ದ ನಿರ್ವಾಹಕರ ವಿಶ್ವಾಸ ಗಳಿಸಿದ್ದ. ದುಷ್ಟ ಭಾಗ ಪರೀಕ್ಷಾ ಕಡತಗಳೊಳಗೆ ಅಡಗಿತ್ತು. ಅದನ್ನು ಎಬ್ಬಿಸುವ ಬಿಲ್ಡ್ ಸ್ಕ್ರಿಪ್ಟ್ ಗಿಟ್‌ನಲ್ಲಿ ಇರಲೇ ಇಲ್ಲ, ಬಿಡುಗಡೆಗೆಂದು ಕಟ್ಟಿದ ಟಾರ್ ಕಡತದಲ್ಲಿ (ಮೂಲ ಕೋಡಿನ ಗಂಟು) ಮಾತ್ರ ಇತ್ತು. ಹಾಗಾಗಿ ಗಿಟ್ ಓದಿದವರಿಗೂ ಪೂರ್ತಿ ಚಿತ್ರ ಕಾಣುತ್ತಿರಲಿಲ್ಲ. ಕಲಿಯಬೇಕಾದದ್ದು: ನಿರ್ಣಾಯಕ ಲೈಬ್ರರಿಗಳನ್ನು ಗಿಟ್ ಟ್ಯಾಗ್‌ನಿಂದಲೇ (ಗಿಟ್‌ನಲ್ಲಿ ಆ ಆವೃತ್ತಿಗೆ ಹಾಕಿದ ಗುರುತು) ಕಟ್ಟಿ, ಇಲ್ಲವಾದರೆ ಟಾರ್ ಕಡತವನ್ನು ಟ್ಯಾಗ್‌ ಜೊತೆ ಹೋಲಿಸಿ.

ಮುಚ್ಚಿದ ಕಡೆ ಇದು ನಡೆಯದೆ? 2020ರ ಡಿಸೆಂಬರ್‌ನಲ್ಲಿ ಬಯಲಾದ, ಪ್ರೊಪ್ರೈಟರಿ ತಂತ್ರಾಂಶ ಮಾರುವ ಸೋಲಾರ್‌ವಿಂಡ್ಸ್ ಮೇಲಿನ ದಾಳಿಯಲ್ಲಿ ಕಂಪನಿಯೇ ಸಹಿ ಹಾಕಿದ ಅಪ್‌ಡೇಟ್ ಮೂಲಕ ಹಿಂಬಾಗಿಲು ಸುಮಾರು 18,000 ಗ್ರಾಹಕರಿಗೆ ತಲುಪಿತ್ತು. ವ್ಯತ್ಯಾಸ ಒಂದೇ. ಎಕ್ಸ್‌ಝೆಡ್‌ನಲ್ಲಿ ಅನುಮಾನ ಬಂದ ಹೊರಗಿನವರೊಬ್ಬರು ಯಾರ ಅಪ್ಪಣೆಯನ್ನೂ ಕಾಯದೆ ಒಳಹೊಕ್ಕು ನೋಡಲು ಸಾಧ್ಯವಾಯಿತು.

ಬಗ್ ಬಂದ್ರೆ ಓಪನ್ ಸೋರ್ಸ್‌ನಲ್ಲಿ ಯಾರಿಗೆ ಫೋನ್ ಮಾಡೋದು ಅಂತ ಬಾಸ್ ಕೇಳ್ತಾರೆ, ಏನು ಹೇಳಲಿ?

ಪ್ರಶ್ನೆ ನ್ಯಾಯವಾದದ್ದೇ, ತಳ್ಳಿಹಾಕಬೇಡಿ. ಮೊದಲು ಈಗಿರುವ ಪ್ರೊಪ್ರೈಟರಿ ಒಪ್ಪಂದದ ಹೊಣೆಗಾರಿಕೆಯ ಕಲಮು ತೆಗೆದು ಇಬ್ಬರೂ ಓದಿ. ನಷ್ಟಭರ್ತಿಗೆ ಮಿತಿ ಹಾಕಿರುವುದೇ ಹೆಚ್ಚು. ಫೋನ್ ಎತ್ತುತ್ತಾರೆ ಎಂಬುದು ಬೇರೆ, ಹೊಣೆ ಹೊರುತ್ತಾರೆ ಎಂಬುದು ಬೇರೆ. ಎರಡನೆಯದಾಗಿ, ಪೋಸ್ಟ್‌ಗ್ರೆಸ್, ಲಿನಕ್ಸ್‌ನಂಥವಕ್ಕೆ ಹಣ ಪಡೆದು ಬೆಂಬಲ ಕೊಡುವ ಕಂಪನಿಗಳು ಹಲವಿವೆ, ಒಬ್ಬರು ಸರಿಯಿಲ್ಲದಿದ್ದರೆ ಇನ್ನೊಬ್ಬರನ್ನು ಹಿಡಿಯಬಹುದು. ಮೂರನೆಯ ಮಾತನ್ನು ಪ್ರಾಮಾಣಿಕವಾಗಿ ಹೇಳಿ: ನೀವೇ ಓಡಿಸುವುದಾದರೆ ಬ್ಯಾಕಪ್, ಅಪ್‌ಡೇಟ್, ರಾತ್ರಿ ಎರಡು ಗಂಟೆಯ ಅಲಾರಂ ಎಲ್ಲ ನಿಮ್ಮದೇ. ಅದಕ್ಕೆ ಜನವಿಲ್ಲದಿದ್ದರೆ ಅದೇ ಓಪನ್ ಸೋರ್ಸ್ ಡೇಟಾಬೇಸನ್ನು ನಿರ್ವಹಣೆಯ ಸೇವೆಯಾಗಿ ಕೊಂಡುಕೊಳ್ಳುವುದು ಒಳ್ಳೆಯ ನಡುದಾರಿ.

## ಆಯ್ಕೆಯ ಹೊಣೆ ಹೊತ್ತವರಿಗೆ

ನಾವು ನಂಬಿದ ಓಪನ್ ಸೋರ್ಸ್ ಪ್ರಾಜೆಕ್ಟೇ ಲೈಸೆನ್ಸ್ ಬದಲಾಯಿಸಿಬಿಟ್ರೆ?

ಆಗುತ್ತಲೇ ಇದೆ. ಓಪನ್ ಲೈಸೆನ್ಸ್ ಬಿಟ್ಟವರು ಇವರು: ಡೇಟಾಬೇಸ್ ಮಾಡುವ ಮೊಂಗೋಡಿಬಿ 2018ರಲ್ಲಿ, ಇಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ತಂತ್ರಾಂಶ ಮಾಡುವ ಇಲಾಸ್ಟಿಕ್ 2021ರಲ್ಲಿ, ಟೆರಾಫಾರ್ಮ್ ಮಾಡುವ ಹ್ಯಾಶಿಕಾರ್ಪ್ 2023ರ ಆಗಸ್ಟ್‌ನಲ್ಲಿ, ರೆಡಿಸ್ 2024ರ ಮಾರ್ಚ್‌ನಲ್ಲಿ. ಕಾರಣ ಬಹುತೇಕ ಒಂದೇ: ದೊಡ್ಡ ಕ್ಲೌಡ್ ಕಂಪನಿಗಳು ಇವರ ಕೋಡನ್ನು ಸೇವೆಯಾಗಿ ಮಾರಿ ಗಳಿಸುತ್ತವೆ, ಬರೆದವರಿಗೆ ಬರುವುದು ಕಡಿಮೆ. ಈ ದೂರಿನಲ್ಲಿ ಹುರುಳಿದೆ. ಆದರೆ ಓಪನ್ ಎಂಬ ಮಾತು ನಂಬಿ ಪ್ಯಾಚ್ ಕಳಿಸಿದ ಹೊರಗಿನವರಿಗೆ ಆದ ನೋವೂ ಅಷ್ಟೇ ನಿಜ.

ಗಾಬರಿಯಾಗುವ ಮುನ್ನ ತಿಳಿದಿರಲಿ: ಈಗಾಗಲೇ ಬಿಡುಗಡೆಯಾದ ಆವೃತ್ತಿಯ ಓಪನ್ ಲೈಸೆನ್ಸನ್ನು ಯಾರೂ ಕಿತ್ತುಕೊಳ್ಳಲಾರರು. ನಿಲ್ಲುವುದು ಮುಂದಿನ ಅಪ್‌ಡೇಟ್‌ಗಳು. ಹಳೆಯ ಆವೃತ್ತಿಯಲ್ಲಿ ಮುಂದೆ ಭದ್ರತಾ ದೋಷ ಸಿಕ್ಕರೆ ತಿದ್ದುವವರು ಬೇಕು. ಅದಕ್ಕೇ ಫೋರ್ಕ್, ಅಂದರೆ ಆ ಕೋಡಿನಿಂದ ಕವಲೊಡೆದ ಹೊಸ ಪ್ರಾಜೆಕ್ಟ್, ಹುಟ್ಟುತ್ತದೆ. ರೆಡಿಸ್ 7.2.4ರಿಂದ ವ್ಯಾಲ್‌ಕೀ ಕೆಲವೇ ದಿನಗಳಲ್ಲಿ ಹುಟ್ಟಿತು, ಟೆರಾಫಾರ್ಮ್‌ನಿಂದ ಓಪನ್‌ಟೋಫು. ಎರಡೂ ಲಿನಕ್ಸ್ ಫೌಂಡೇಶನ್ ಆಸರೆಯಲ್ಲಿ. ಅಮೆಜಾನ್ ಇಲಾಸ್ಟಿಕ್‌ಸರ್ಚ್ 7.10.2ರಿಂದ ಓಪನ್‌ಸರ್ಚ್ ಕಟ್ಟಿತು. ಆಮೇಲೆ ಇಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಎಜಿಪಿಎಲ್ ಆಯ್ಕೆಯನ್ನು ಸೇರಿಸಿದವು.

ನೀವು ಮಾಡಬೇಕಾದದ್ದು: ಆವೃತ್ತಿಯನ್ನು ಅಲ್ಲೇ ಕಟ್ಟಿಹಾಕಿ, ಕಂಟೇನರ್ ಟ್ಯಾಗ್‌ನಲ್ಲಿ "ಲೇಟೆಸ್ಟ್" ಇದ್ದರೆ ಅಂದೇ ತೆಗೆಯಿರಿ. ಹೊಸ ಲೈಸೆನ್ಸ್ ನಿಮ್ಮ ಬಳಕೆಯನ್ನು ನಿಜಕ್ಕೂ ತಡೆಯುತ್ತದೆಯೇ ಓದಿ. ಸಾಮಾನ್ಯ ಬಳಕೆದಾರರನ್ನು ಬಹಳಷ್ಟು ಸಲ ತಡೆಯುವುದಿಲ್ಲ. ಫೋರ್ಕ್‌ಗೆ ಹೋಗುವುದಾದರೆ ಬೇಗ ಹೋಗಿ. ತಿಂಗಳು ಕಳೆದಂತೆ ಎರಡರ ಕಡತ ರೂಪ, ಹೊಸ ಸೌಲಭ್ಯಗಳು ದೂರದೂರ ಸರಿದು, ಇವತ್ತು ಒಂದು ಸಂಜೆಯ ಕೆಲಸವಾದದ್ದು ಮುಂದೆ ಒಂದು ಪ್ರಾಜೆಕ್ಟೇ ಆಗುತ್ತದೆ.

ಅಂಥ ಬದಲಾವಣೆ ಬರೋದನ್ನ ಮೊದಲೇ ವಾಸನೆ ಹಿಡಿಯೋದು ಹೇಗೆ?

ಅರ್ಧ ಗಂಟೆ ಸಾಕು. ರೆಪೊಸಿಟರಿಯನ್ನು ಇಳಿಸಿಕೊಂಡು ಗಿಟ್ ಶಾರ್ಟ್‌ಲಾಗ್‌ನಲ್ಲಿ ಕಳೆದ ಒಂದು ವರ್ಷದ ಕಮಿಟ್‌ಗಳನ್ನು (ದಾಖಲಾದ ಬದಲಾವಣೆಗಳನ್ನು) ಇಮೇಲ್ ಸಮೇತ ಎಣಿಸಿ. ಮೇಲಿನ ಹತ್ತು ಹೆಸರೂ ಒಂದೇ ಕಂಪನಿಯ ವಿಳಾಸದ್ದಾದರೆ ಆ ಪ್ರಾಜೆಕ್ಟ್‌ನ ಭವಿಷ್ಯ ಆ ಕಂಪನಿಯ ಜಮಾಖರ್ಚಿಗೆ ಕಟ್ಟಿದೆ.

ಆಮೇಲೆ ಕೊಡುಗೆ ನೀಡುವ ನಿಯಮಗಳನ್ನು ಓದಿ. ಸಿಎಲ್ಎ ಎಂಬ, ಕೋಡ್ ಕಳಿಸುವವರೊಂದಿಗಿನ ಒಪ್ಪಂದಕ್ಕೆ ಸಹಿ ಕೇಳುತ್ತಾರೆಯೇ? ಅದರಲ್ಲಿ ಬೇರೆ ಲೈಸೆನ್ಸ್‌ನಡಿ ಕೊಡುವ ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವ ಮಾತಿದ್ದರೆ, ಬದಲಾವಣೆಯ ಕೀಲಿಕೈ ಆಗಲೇ ಅವರ ಕೈಯಲ್ಲಿದೆ. ಲಿನಕ್ಸ್ ಕರ್ನೆಲ್ ಡಿಸಿಒ ಎಂಬ, ಈ ಕೋಡ್ ಕೊಡುವ ಹಕ್ಕು ನನಗಿದೆ ಎನ್ನುವ ಘೋಷಣೆಯನ್ನು ಮಾತ್ರ ಕೇಳುತ್ತದೆ, ಪ್ರತಿ ಕಮಿಟ್‌ನ ಕೊನೆಗೆ ಒಂದು ಸಾಲಿನ ಸಹಿ. ಸ್ವಾಮ್ಯ ಸಾವಿರಾರು ಜನರಲ್ಲಿ ಹಂಚಿಹೋಗಿರುವುದರಿಂದ ಅಲ್ಲಿ ಲೈಸೆನ್ಸ್ ಬದಲಿಸುವುದು ಹೆಚ್ಚುಕಡಿಮೆ ಅಸಾಧ್ಯ.

ಹೆಸರಿನ ಟ್ರೇಡ್‌ಮಾರ್ಕ್ ಯಾರದು? ಫೌಂಡೇಶನ್ನಿನದೋ, ಕಂಪನಿಯದೋ? ಕೊನೆಯದಾಗಿ, ಬ್ಯಾಕಪ್, ಎನ್‌ಕ್ರಿಪ್ಷನ್, ಲಾಗಿನ್‌ನಂಥ ಅಗತ್ಯಗಳು ಒಂದೊಂದಾಗಿ ದುಡ್ಡಿನ ಆವೃತ್ತಿಗೆ ಸರಿಯುತ್ತಿವೆಯೇ ನೋಡಿ. ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಂಚಿನ ಸುಳಿವು.

ಎಜಿಪಿಎಲ್ ಕಂಡ್ರೆ ಕಂಪನಿ ವಕೀಲರು ಬೆಚ್ಚಿಬೀಳ್ತಾರೆ. ನಾವು ಬಳಸಬಹುದಾ?

ಬಹಳಷ್ಟು ಸಲ ಬಳಸಬಹುದು. ಅದರ 13ನೇ ಕಲಮು ಹೇಳುವುದಿಷ್ಟು: ನೀವು ಕೋಡನ್ನು ತಿದ್ದಿ, ಆ ತಿದ್ದಿದ ಆವೃತ್ತಿಯ ಜೊತೆ ಜನ ನೆಟ್‌ವರ್ಕ್ ಮೂಲಕ ವ್ಯವಹರಿಸುವಂತೆ ಮಾಡಿದರೆ, ಅವರಿಗೆ ಅದರ ಮೂಲ ಕೋಡ್ ಸಿಗಬೇಕು. ತಿದ್ದದೆ ಇದ್ದಂತೆಯೇ ಓಡಿಸಿದರೆ ಈ ಕಲಮು ತಟ್ಟುವುದಿಲ್ಲ. ಅಪಾಯ ಇರುವುದು ಎಜಿಪಿಎಲ್ ಲೈಬ್ರರಿಯನ್ನು ನಿಮ್ಮ ಪ್ರೋಗ್ರಾಮಿನೊಳಗೇ ಸೇರಿಸಿದಾಗ. ಆಗ ಪೂರ್ತಿ ಪ್ರೋಗ್ರಾಮೇ ತಿದ್ದಿದ ಕೃತಿ ಎನಿಸಿಕೊಳ್ಳಬಹುದು. ಪ್ರತ್ಯೇಕ ಸರ್ವರ್ ಆಗಿ ಓಡಿಸಿ, ತಿದ್ದಿದರೆ ಆ ತಿದ್ದುಪಡಿಯನ್ನು ಪ್ರಕಟಿಸಿ. ಗಡಿ ಮಸುಕಾಗಿರುವ ಕಡೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

"ಓಪನ್" ಎಐ ಮಾಡೆಲ್‌ಗಳು ಓಪನ್ ಸೋರ್ಸಾ?

ತೂಕಗಳನ್ನು, ಅಂದರೆ ತರಬೇತಿಯಲ್ಲಿ ಮೂಡಿದ ಸಂಖ್ಯೆಗಳನ್ನು, ಇಳಿಸಿಕೊಳ್ಳಬಹುದು ಎಂದರೆ ಸಾಲದು. 2024ರ ಅಕ್ಟೋಬರ್‌ನಲ್ಲಿ ಓಪನ್ ಸೋರ್ಸ್ ಎಂದರೇನು ಎಂಬ ವ್ಯಾಖ್ಯೆಯನ್ನು ಕಾಯುವ ಓಪನ್ ಸೋರ್ಸ್ ಇನಿಶಿಯೇಟಿವ್ ಸಂಸ್ಥೆ ತಂದ ವ್ಯಾಖ್ಯೆ ತೂಕಗಳ ಜೊತೆಗೆ ತರಬೇತಿಯ ಕೋಡನ್ನೂ ಡೇಟಾದ ವಿವರವನ್ನೂ ಕೇಳುತ್ತದೆ. ಮೆಟಾದ ಲಾಮಾ 3ರ ಲೈಸೆನ್ಸ್‌ನಲ್ಲಿ ತಿಂಗಳಿಗೆ 70 ಕೋಟಿಗಿಂತ ಹೆಚ್ಚು ಬಳಕೆದಾರರಿರುವ ಕಂಪನಿಗಳು ಬೇರೆ ಅನುಮತಿ ಪಡೆಯಬೇಕೆಂಬ ಷರತ್ತಿದೆ. ನಿಮಗೆ ಅದು ಅಡ್ಡ ಬರಲಿಕ್ಕಿಲ್ಲ, ಆದರೂ ಅದನ್ನು ಓಪನ್ ಸೋರ್ಸ್ ಎಂದು ಕರೆಯುವುದು ತಪ್ಪು.

ಪ್ರೊಪ್ರೈಟರಿ ಪ್ಲಾಟ್‌ಫಾರ್ಮ್ ಮೇಲೆ ಆಗಲೇ ಕೂತಿದ್ದೀವಿ. ಹೊರಬರೋ ದಿನಕ್ಕೆ ಏನು ಸಿದ್ಧತೆ ಬೇಕು?

ಇವತ್ತೇ ಹೊರಡಬೇಕಿಲ್ಲ. ಹೊರಡಬಲ್ಲೆವು ಎಂಬುದನ್ನು ವರ್ಷಕ್ಕೊಮ್ಮೆ ಮಾಡಿ ನೋಡಬೇಕು. ಎಕ್ಸ್‌ಪೋರ್ಟ್ ಗುಂಡಿ ಇದೆ ಎಂಬ ಧೈರ್ಯ ಸಾಲದು, ಆ ಕಡತದಿಂದ ಬೇರೆ ಯಂತ್ರದಲ್ಲಿ ಮತ್ತೆ ಜೀವ ತುಂಬಿ ನೋಡಿದ್ದರೆ ಮಾತ್ರ ಧೈರ್ಯ.

ಡೇಟಾಬೇಸ್‌ನಿಂದ ಶುರುಮಾಡಿ. ಸೇವೆಯಾಗಿ ಕೊಂಡ ಪೋಸ್ಟ್‌ಗ್ರೆಸ್‌ನ ಡಂಪ್ (ಡೇಟಾದ ಪ್ರತಿ) ತೆಗೆದು, ಸಾದಾ ಪೋಸ್ಟ್‌ಗ್ರೆಸ್‌ಗೆ ತುಂಬಿಸಿ. ಮೊದಲ ಸಲ ಸಾಮಾನ್ಯವಾಗಿ ಎರಡು ಕಡೆ ಮುಗ್ಗರಿಸುತ್ತದೆ. ಪಿಜಿ ಡಂಪ್ ಎಂಬ ಉಪಕರಣ ಒಂದು ಡೇಟಾಬೇಸನ್ನಷ್ಟೇ ತೆಗೆಯುತ್ತದೆ, ರೋಲ್‌ಗಳು (ಡೇಟಾಬೇಸ್ ಬಳಸುವವರ ಖಾತೆಗಳು) ಅದರಲ್ಲಿ ಬರುವುದಿಲ್ಲ. ಹಾಗಾಗಿ ಅಂಥ ರೋಲ್ ಇಲ್ಲ ಎಂಬ ದೋಷ ಸಾಲುಗಟ್ಟಿ ಬರುತ್ತದೆ. ರೋಲ್‌ಗಳನ್ನು ಬೇರೆಯಾಗಿ ಬರೆದಿಟ್ಟು ಮೊದಲೇ ಸೃಷ್ಟಿಸಿ. ಎರಡನೆಯದು, ಆ ಸೇವೆಯವರು ಮಾತ್ರ ಕೊಡುವ ಎಕ್ಸ್‌ಟೆನ್ಷನ್‌ಗಳು. ಅವನ್ನು ಎಲ್ಲೆಲ್ಲಿ ಬಳಸಿದ್ದೀರಿ ಎಂಬ ಪಟ್ಟಿಯೇ ನಿಮ್ಮ ನಿಜವಾದ ಬಂಧನದ ಪಟ್ಟಿ.

ಲಾಗಿನ್ ಸೇವೆಯಲ್ಲಿ ಪಾಸ್‌ವರ್ಡ್ ಹ್ಯಾಶ್‌ಗಳನ್ನು (ಪಾಸ್‌ವರ್ಡ್ ಬದಲಿಗೆ ಇಡುವ, ಹಿಂದಕ್ಕೆ ಬಿಡಿಸಲಾಗದ ಸಂಕೇತ) ಹೊರಗೆ ಕೊಡುತ್ತಾರೆಯೇ ಎಂದು ಸಹಿ ಹಾಕುವ ಮೊದಲೇ ಕೇಳಿ. ಕೊಡದಿದ್ದರೆ ಹೊರಡುವ ದಿನ ಪ್ರತಿಯೊಬ್ಬ ಬಳಕೆದಾರರೂ ಪಾಸ್‌ವರ್ಡ್ ಮತ್ತೆ ಹಾಕಬೇಕಾಗುತ್ತದೆ. ಗೂಗಲ್‌ನ ಫೈರ್‌ಬೇಸ್ ಕೊಡುತ್ತದೆ, ಆದರೆ ಅದು ಹ್ಯಾಶ್ ಮಾಡಲು ಬಳಸುವುದು ತನ್ನದೇ ಮಾರ್ಪಾಡಿನ ಎಸ್‌ಕ್ರಿಪ್ಟ್ ಎಂಬ ವಿಧಾನ. ಹ್ಯಾಶ್‌ಗಳ ಜೊತೆ ಕನ್ಸೋಲ್‌ನಲ್ಲಿರುವ ನಿಯತಾಂಕಗಳನ್ನೂ ತೆಗೆದಿಡದಿದ್ದರೆ ಆ ಹ್ಯಾಶ್‌ಗಳಿಂದ ಪ್ರಯೋಜನವಿಲ್ಲ.

ಕೋಡ್ ಇರುವ ಕಡೆ, ಗಿಟ್ ಕ್ಲೋನ್‌ಗೆ ಮಿರರ್ ಆಯ್ಕೆ ಕೊಟ್ಟರೆ ಎಲ್ಲ ಶಾಖೆ, ಟ್ಯಾಗ್‌ಗಳೂ ಬರುತ್ತವೆ. ಇಶ್ಯೂಗಳು, ಪುಲ್ ರಿಕ್ವೆಸ್ಟ್‌ನ ಚರ್ಚೆಗಳು ಬರುವುದಿಲ್ಲ. ದೊಡ್ಡ ಕಡತಗಳಿಗೆ ಎಲ್‌ಎಫ್‌ಎಸ್ ಬಳಸಿದ್ದರೆ ಅದನ್ನು ಬೇರೆಯಾಗಿ ಇಳಿಸಬೇಕು, ವಿಕಿ ಇನ್ನೊಂದು ರೆಪೊಸಿಟರಿ. ಒಂದು ನಿರ್ಧಾರವನ್ನು ಯಾಕೆ ಕೈಗೊಂಡೆವು ಎಂಬ ಮಾತೆಲ್ಲ ಚರ್ಚೆಗಳಲ್ಲೇ ಇರುವುದರಿಂದ ಅವನ್ನು ಎಪಿಐ ಮೂಲಕ ನಿಯಮಿತವಾಗಿ ತೆಗೆದಿಡಿ.

ನಿಮ್ಮ ಆ್ಯಪ್‌ಗಳು ಯಾವತ್ತೂ ನಿಮ್ಮದೇ ಡೊಮೇನ್ ಹೆಸರಿಗೆ ಕರೆ ಮಾಡಲಿ. ಪಾರ್ಸ್ ಮುಚ್ಚಿದಾಗ ಬಿದ್ದ ಪೆಟ್ಟಿಗೆ ಮದ್ದು ಇದೇ. ವಿಳಾಸ ನಿಮ್ಮದಾಗಿದ್ದರೆ ಡಿಎನ್‌ಎಸ್‌ನಲ್ಲಿ ಒಂದು ಸಾಲು ಬದಲಿಸಿ ಹಳೆಯ ಆ್ಯಪ್‌ಗಳನ್ನೂ ಹೊಸ ಸರ್ವರ್‌ಗೆ ಕರೆತರಬಹುದು.

ಇನ್ನು ಡೇಟಾ ಹೊರಸಾಗಿಸುವ ಶುಲ್ಕ. ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂರೂ 2024ರಲ್ಲಿ, ಪೂರ್ತಿ ಬಿಟ್ಟುಹೋಗುವ ಗ್ರಾಹಕರಿಗೆ ಇದನ್ನು ಮನ್ನಾ ಮಾಡುವುದಾಗಿ ಹೇಳಿದವು. ಷರತ್ತುಗಳನ್ನು ಓದಿ, ಮೊದಲೇ ಬರೆದು ತಿಳಿಸಿ ಒಪ್ಪಿಗೆ ಪಡೆದು, ಆಮೇಲೆ ಸಾಗಿಸಿ.

ಇಷ್ಟೆಲ್ಲ ಉಚಿತವಾಗಿ ಬಳಸ್ತೀವಿ. ವಾಪಸ್ ಏನಾದ್ರೂ ಕೊಡ್ಬೇಕು ಅನ್ಸುತ್ತೆ, ಎಲ್ಲಿಂದ ಶುರು ಮಾಡೋದು?

ನಿಮ್ಮ ಅವಲಂಬನೆಗಳ ಪಟ್ಟಿ ತೆಗೆದು, ಒಬ್ಬರೇ ನಿರ್ವಹಿಸುತ್ತಿರುವ ಸಣ್ಣ ಲೈಬ್ರರಿಗಳನ್ನು ಗುರುತು ಮಾಡಿ. ದೊಡ್ಡ ಹೆಸರುಗಳಿಗಿಂತ ಅಲ್ಲಿ ನಿಮ್ಮ ನೆರವು ಹೆಚ್ಚು ಬೇಕು. ಎಕ್ಸ್‌ಝೆಡ್ ಅಂಥದೇ ಒಂದಾಗಿತ್ತು. ಹಣ ಕೊಡಲು ಆಗುವುದಾದರೆ ಒಮ್ಮೆ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಸಣ್ಣ ಮೊತ್ತ ಅವರಿಗೆ ನೆಮ್ಮದಿ. ಹಣವಿಲ್ಲದಿದ್ದರೆ ಒಂದು ಬಗ್ಗನ್ನು ಸರಿಯಾಗಿ ವರದಿ ಮಾಡಿ: ಆವೃತ್ತಿ, ಇಪ್ಪತ್ತು ಸಾಲಿನೊಳಗೆ ಅದನ್ನು ತೋರಿಸುವ ಕೋಡ್, ಏನಾಗಬೇಕಿತ್ತು, ಏನಾಯಿತು.

ನೀವೇ ತಿದ್ದಿಕೊಂಡ ಪ್ಯಾಚ್ ಇದ್ದರೆ ಬಚ್ಚಿಟ್ಟುಕೊಳ್ಳಬೇಡಿ. ಪ್ರತಿ ಹೊಸ ಆವೃತ್ತಿ ಬಂದಾಗಲೂ ಅದನ್ನು ಮತ್ತೆ ಹೊಂದಿಸಿಕೊಳ್ಳುವ ಕೂಲಿ ನಿಮ್ಮ ತಲೆಗೇ ಬರುತ್ತದೆ. ಮೂಲಕ್ಕೆ ಕಳಿಸಿ. ಒಂದು ಪ್ಯಾಚ್‌ನಲ್ಲಿ ಒಂದೇ ವಿಷಯವಿರಲಿ, ಪರೀಕ್ಷೆ ಸೇರಿಸಿ, ಉತ್ತರಕ್ಕೆ ಎರಡು ವಾರ ಕಾಯಿರಿ. ಬರದಿದ್ದರೆ ಸೌಜನ್ಯದಿಂದ ಒಮ್ಮೆ ನೆನಪಿಸಿ. ಆ ಬದಿಯಲ್ಲಿರುವವರು ದಿನದ ಕೆಲಸ ಮುಗಿಸಿ ರಾತ್ರಿ ಅದನ್ನು ತೆರೆಯುತ್ತಿರಬಹುದು.